ಎಂಓ ಫೈಲು ಇದೆ, ಪರದೆಯಲ್ಲಿ ಕನ್ನಡ ಇಲ್ಲ

ಶಿರಸಿಯ ಅಡಿಕೆ ದಲಾಲಿ ಲೆಕ್ಕಕ್ಕೆಂದು ಮಾಡಿದ ಪ್ರೋಗ್ರಾಂ ಪೈಥಾನ್‌ನಲ್ಲಿದೆ, ವಿಂಡೋಗಳು ಜಿಟಿಕೆ ಎಂಬ ಪರದೆ ಕಟ್ಟುವ ಲೈಬ್ರರಿಯವು. ಮೂಲ ಸಂದೇಶ ಇಂಗ್ಲಿಷಿನಲ್ಲಿ. ಕನ್ನಡ ಬರುವುದು ಗೆಟ್‌ಟೆಕ್ಸ್ಟ್ ಮೂಲಕ, ಅಂದರೆ ಇಂಗ್ಲಿಷ್ ಸಂದೇಶ ಕೊಟ್ಟರೆ ಅದರ ಅನುವಾದ ಹುಡುಕಿಕೊಡುವ ಸಲಕರಣೆಯಿಂದ. ಅನುವಾದಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ಪರದೆಗೆ ತರುವುದಕ್ಕೆ ಹಿಡಿಯಿತು. ಗೆಟ್‌ಟೆಕ್ಸ್ಟ್‌ನ ಸ್ವಭಾವವೇ ಹಾಗೆ: ಅನುವಾದ ಸಿಗದಿದ್ದರೆ ತಕರಾರು ಮಾಡುವುದಿಲ್ಲ, ಕೊಟ್ಟ ಇಂಗ್ಲಿಷನ್ನೇ ತಿರುಗಿ ಕೊಡುತ್ತದೆ.

ಮೊದಲು ನೋಡಬೇಕಾದ್ದು ದಾರಿ. ಅನುವಾದ ಬರೆದಿಡುವ ಪಿಓ ಫೈಲನ್ನು ಎಂಎಸ್‌ಜಿಎಫ್‌ಎಂಟಿ ಆಜ್ಞೆಯಿಂದ ಪ್ರೋಗ್ರಾಂ ಓದುವ ಎಂಓ ಮಾಡಿದ ಮೇಲೆ ಅದು ಲೊಕೇಲ್/ಕೆಎನ್/ಎಲ್‌ಸಿ_ಮೆಸೇಜಸ್/ಅಡಿಕೆ.ಎಂಓ ಎಂಬಲ್ಲೇ ಇರಬೇಕು. ನಡುವಿನ ಎಲ್‌ಸಿ_ಮೆಸೇಜಸ್ ಫೋಲ್ಡರ್ ಬಿಟ್ಟುಹೋಗುವುದೇ ಹೆಚ್ಚು. ಫೋಲ್ಡರಿಗೆ ಬರೀ ಕೆಎನ್ (ಕನ್ನಡದ ಸಂಕೇತ) ಎಂದು ಹೆಸರಿಟ್ಟರೆ ಸಾಕು, ಕೆಎನ್_ಐಎನ್ (ಭಾರತದ ಕನ್ನಡ) ಕೇಳಿದವರಿಗೂ ಅದೇ ಸಿಗುತ್ತದೆ.

ಎರಡನೆಯದು ಎನ್ವಿರಾನ್ಮೆಂಟ್, ಅಂದರೆ ಪ್ರೋಗ್ರಾಂಗೆ ಸಿಸ್ಟಂ ಕೊಡುವ ಹೊಂದಿಕೆಗಳು. ಭಾಷೆ ಯಾವುದೆಂದು ಗೆಟ್‌ಟೆಕ್ಸ್ಟ್ ಲ್ಯಾಂಗ್ವೇಜ್, ಎಲ್‌ಸಿ_ಆಲ್, ಎಲ್‌ಸಿ_ಮೆಸೇಜಸ್, ಲ್ಯಾಂಗ್ ಈ ಕ್ರಮದಲ್ಲಿ ಹುಡುಕುತ್ತದೆ. ಲ್ಯಾಂಗ್ ಕನ್ನಡಕ್ಕೆ ಹೊಂದಿಸಿದ್ದರೂ ಲ್ಯಾಂಗ್ವೇಜ್‌ನಲ್ಲಿ ಹಳೆಯ ಇಎನ್_ಐಎನ್:ಇಎನ್ ಕೂತಿದ್ದರೆ ಕನ್ನಡದ ಪಾಳಿ ಬರುವುದೇ ಇಲ್ಲ. ತಲೆ ಕೆರೆದುಕೊಳ್ಳುವ ಮೊದಲು ಎಕೋ ಮಾಡಿ ಈ ನಾಲ್ಕನ್ನೂ ನೋಡಿ. ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ಕ್ರಾನ್‌ನಿಂದ ಓಡುವ ರಾತ್ರಿಯ ವರದಿಯಲ್ಲಿ ಇವು ಖಾಲಿ ಇರುವುದೂ ಉಂಟು. ಹಗಲಿನ ಬಿಲ್ಲು ಕನ್ನಡ, ರಾತ್ರಿಯ ವರದಿ ಇಂಗ್ಲಿಷ್! ಅಲ್ಲಿ ಪೈಥಾನ್‌ನ ಟ್ರಾನ್ಸ್‌ಲೇಷನ್ ಫಂಕ್ಷನ್ನಿಗೆ ಭಾಷೆಯನ್ನು ನಾವೇ ಕೆಎನ್ ಎಂದು ಕೊಡುವುದು ಸರಿ. ಫೈಲು ಸಿಗದಿದ್ದರೂ ಸುಮ್ಮನೆ ಇಂಗ್ಲಿಷಿನಲ್ಲೇ ಮುಂದುವರಿಯುವ ಫಾಲ್‌ಬ್ಯಾಕ್ ಆಯ್ಕೆಯನ್ನು ಬೆಳವಣಿಗೆಯ ಹಂತದಲ್ಲಿ ಹಾಕಬೇಡಿ. ಅದಿಲ್ಲದಿದ್ದರೆ ಫೈಲು ಸಿಗಲಿಲ್ಲವೆಂದು ಪೈಥಾನ್ ಎರರ್ ಕೊಡುತ್ತದೆ, ನಮಗೆ ಬೇಕಾದ್ದೂ ಅದೇ.

ಇನ್ನು ಅರ್ಧಂಬರ್ಧ ಕನ್ನಡದ ಸಮಸ್ಯೆ. ಕೋಡಿನಲ್ಲಿ ಬರೆದ ಸಂದೇಶವೆಲ್ಲ ಕನ್ನಡ, ವಿಂಡೋ ವಿನ್ಯಾಸದ ಗ್ಲೇಡ್‌ನಲ್ಲಿ ಮಾಡಿದ ಮೆನು ಮಾತ್ರ ಇಂಗ್ಲಿಷ್. ಪೈಥಾನ್‌ನ ಗೆಟ್‌ಟೆಕ್ಸ್ಟ್ ಬೇರೆ, ಜಿಟಿಕೆ ಬಳಸುವ ಸಿ ಲೈಬ್ರರಿಯದು ಬೇರೆ. ಒಂದಕ್ಕೆ ತೋರಿಸಿದ ದಾರಿ ಇನ್ನೊಂದಕ್ಕೆ ಗೊತ್ತಿಲ್ಲ. ಹಾಗಾಗಿ ಗೆಟ್‌ಟೆಕ್ಸ್ಟ್ ಮಾಡ್ಯೂಲಿಗೆ ಹೇಳಿದ್ದನ್ನೇ ಲೊಕೇಲ್ ಮಾಡ್ಯೂಲಿನ ಬೈಂಡ್‌ಟೆಕ್ಸ್ಟ್‌ಡೊಮೈನ್‌ಗೂ ಹೇಳಬೇಕು, ಗ್ಲೇಡ್ ಫೈಲು ಓದುವ ಜಿಟಿಕೆಯ ಬಿಲ್ಡರ್‌ಗೆ ಡೊಮೈನ್ ಹೆಸರು (ಇಲ್ಲಿ ಅಡಿಕೆ) ಕೊಡಬೇಕು. ಸಿ ಲೈಬ್ರರಿಗೆ ಇನ್ನೊಂದು ಹಟ ಇದೆ: ಲೊಕೇಲ್, ಅಂದರೆ ಭಾಷೆ-ಪ್ರದೇಶದ ಹೊಂದಿಕೆ, ಬರೀ ಸಿ ಆಗಿದ್ದರೆ ಲ್ಯಾಂಗ್ವೇಜ್ ಏನೇ ಇರಲಿ, ತಿರುಗಿಯೂ ನೋಡದು. ಲೊಕೇಲ್ -ಎ ಕೊಟ್ಟಾಗ ಪಟ್ಟಿಯಲ್ಲಿ ಕೆಎನ್_ಐಎನ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಕೊಳ್ಳಿ.

ಇಷ್ಟಾದರೂ ಬಗೆಹರಿಯದಿದ್ದರೆ ಎಸ್‌ಟ್ರೇಸ್, ಪ್ರೋಗ್ರಾಂ ಸಿಸ್ಟಮ್ಮಿಗೆ ಮಾಡುವ ಕರೆಗಳನ್ನು ತೋರಿಸುವ ಆಜ್ಞೆ. ಅದರಲ್ಲಿ ಫೈಲು ತೆರೆಯುವ ಓಪನ್‌ಎಟ್ ಕರೆಯನ್ನು ಮಾತ್ರ ಹಿಡಿದರೆ ಪೈಥಾನ್‌ನ ಹುಡುಕಾಟ ಕಾಣುವುದಿಲ್ಲ, ಏಕೆಂದರೆ ಫೈಲು ಇದೆಯೋ ಎಂದು ಅದು ಮೊದಲು ಸ್ಟ್ಯಾಟ್ ಮಾಡಿ ನೋಡುತ್ತದೆ, ಸಿಕ್ಕಿದರಷ್ಟೇ ತೆರೆಯುತ್ತದೆ. ಟ್ರೇಸ್=ಫೈಲ್ ಎಂದು ಕೊಟ್ಟು ಎಂಓ ಹೆಸರಿಗೆ ಗ್ರೆಪ್ ಹಾಕಿದರೆ ಎಲ್ಲೆಲ್ಲಿ ಹುಡುಕಿ ಬರಿಗೈಲಿ ಬಂತು ಎಂಬುದು ಸಾಲುಸಾಲಾಗಿ ಬೀಳುತ್ತದೆ.

ಫೈಲು ಸಿಕ್ಕಿಯೂ ಒಂದೆರಡು ಸಾಲು ಮಾತ್ರ ಇಂಗ್ಲಿಷಿನಲ್ಲಿ ಉಳಿದರೆ ಪಿಓದಲ್ಲಿ ಫಜಿ (ಅನುಮಾನದ ಅನುವಾದ) ಗುರುತು ಹುಡುಕಿ. ಕೋಡಿನಲ್ಲಿ ಕ್ವಿಂಟಲ್ ದರ ಎಂದಿದ್ದ ಇಂಗ್ಲಿಷ್ ಸಾಲನ್ನು ಕಿಲೋ ದರ ಎಂದು ಬದಲಿಸಿ, ಬದಲಾದ ಸಾಲುಗಳನ್ನು ಪಿಓಗೆ ಸೇರಿಸುವ ಎಂಎಸ್‌ಜಿಮರ್ಜ್ ಓಡಿಸಿದೆ ಅನ್ನಿ. ಸಾಲುಗಳು ಹತ್ತಿರಹತ್ತಿರ ಇರುವುದರಿಂದ ಅದು ಹಳೆಯ ಕನ್ನಡವನ್ನೇ ತಂದು ಅಂಟಿಸಿ ಫಜಿ ಎಂದು ಬರೆದಿಡುತ್ತದೆ. ಎಂಎಸ್‌ಜಿಎಫ್‌ಎಂಟಿ ಅಂಥದ್ದನ್ನು ಎಂಓಗೆ ಸೇರಿಸುವುದಿಲ್ಲ. ಒತ್ತಾಯಿಸಿ ಸೇರಿಸುವ ಆಯ್ಕೆ ಇದೆ, ಆ ಗೋಜಿಗೆ ಹೋಗಬೇಡಿ. ಚಾಲಿ ಅಡಿಕೆಯ ಕಿಲೋ ದರದ ಮುಂದೆ ಕ್ವಿಂಟಲ್ ಎಂದು ಬಂದರೆ ಗದ್ದಲ ಏಳುತ್ತದೆ. ಅಂಕಿಯನ್ನು ಒಳಗೇ ತುಂಬಿಕೊಳ್ಳುವ ಎಫ್-ಸ್ಟ್ರಿಂಗನ್ನು ಅನುವಾದದ ಫಂಕ್ಷನ್ನಿಗೆ ಕೊಟ್ಟರೂ ಇದೇ ಫಲ: ಅಂಕಿ ತುಂಬಿಕೊಂಡ ಮೇಲೆ ಹುಡುಕುವುದರಿಂದ ಯಾವ ಸಾಲಿಗೂ ತಾಳೆಯಾಗದು.

ಖಾಲಿ ಸ್ಟ್ರಿಂಗನ್ನು ಅನುವಾದಕ್ಕೆ ಕಳಿಸಿದರೆ ತಮಾಷೆ ನೋಡಬೇಕು. ಪಿಓದ ತಲೆಬರಹ ಇರುವುದೇ ಖಾಲಿ ಸಂದೇಶದ ಹೆಸರಿನಲ್ಲಿ. ಹಾಗಾಗಿ ಷರಾ ಬರೆಯದ ಬಿಲ್ಲಿನ ಕೊನೆಯಲ್ಲಿ ಪ್ರಾಜೆಕ್ಟ್-ಐಡಿ-ವರ್ಷನ್‌ನಿಂದ ಹಿಡಿದು ಕ್ಯಾರ್‌ಸೆಟ್‌ವರೆಗೆ ಎಲ್ಲವೂ ಅಚ್ಚಾಗುತ್ತದೆ. ಖಾಲಿಯೋ ಎಂದು ನೋಡಿಯೇ ಕಳಿಸಿ.

ವಾಕ್ಯದ ಕ್ರಮ ಕನ್ನಡದಲ್ಲಿ ತಿರುಗುತ್ತದೆ. ಇಂಗ್ಲಿಷಿನಲ್ಲಿ ಚೀಲದ ಲೆಕ್ಕ ಮೊದಲು, ಕೊಂಡವರ ಹೆಸರು ಆಮೇಲೆ. ಹೆಸರಿಲ್ಲದ ಎರಡು ಜಾಗ ಬಿಟ್ಟಿದ್ದರೆ "25 ಅವರಿಗೆ ಭಟ್ಟರು ಚೀಲ" ಎಂದು ಬರುತ್ತದೆ. ಜಾಗಗಳಿಗೆ ಹೆಸರು ಕೊಟ್ಟರೆ ಹೇಗೆ ಬೇಕಾದರೂ ಹೊರಳಿಸಬಹುದು. ಅನುವಾದಿಸುವವರು ಆವರಣದೊಳಗಿನ ಹೆಸರನ್ನೂ ಕನ್ನಡ ಮಾಡಿಬಿಟ್ಟರೆ ಮಾತ್ರ ಪ್ರೋಗ್ರಾಂ ಕೀ-ಎರರ್ ಕೊಟ್ಟು ನಿಲ್ಲುತ್ತದೆ. ಎಂಎಸ್‌ಜಿಎಫ್‌ಎಂಟಿಗೆ ತಪ್ಪು ಪರೀಕ್ಷಿಸುವ -ಸಿ ಆಯ್ಕೆ ಕೊಡುವ ಅಭ್ಯಾಸವಿದ್ದರೆ ಇದು ಮೊದಲೇ ಸಿಕ್ಕಿಬೀಳುತ್ತದೆ.

ಬಹುವಚನಕ್ಕೆ ಎರಡು ರೂಪ ಎಂದು ತಲೆಬರಹದಲ್ಲಿ ಬರೆದಿದ್ದೇನೆ. ಚೀಲಕ್ಕೆ ಎರಡೂ ಕಡೆ ಒಂದೇ ಮಾತು. 1 ಚೀಲ, 25 ಚೀಲ, ಚೀಲಗಳು ಎಂದು ಮಂಡಿಯಲ್ಲಿ ಯಾರೂ ಅನ್ನುವುದಿಲ್ಲ. ಬೆಳೆಗಾರರಿಗೂ ಎರಡೂ ಕಡೆ ಬಹುವಚನವೇ, ಒಬ್ಬರಿದ್ದರೂ ಮರ್ಯಾದೆಗೆ. ತೊಡಕಾದದ್ದು ಬ್ಯಾಲೆನ್ಸ್ ಎಂಬ ಒಂದೇ ಪದ: ಖಾತೆಯಲ್ಲಿ ಅದು ಶಿಲ್ಕು, ಗೋದಾಮಿನಲ್ಲಿ ಉಳಿಕೆ, ತೂಕದ ಕಡೆ ತಕ್ಕಡಿ. ಸಾಮಾನ್ಯ ಫಂಕ್ಷನ್ನಿನಲ್ಲಿ ಮೂರಕ್ಕೂ ಒಂದೇ ಕನ್ನಡ ಬೀಳುತ್ತದೆ. ಪೈಥಾನ್ 3.8ರಿಂದ ಇರುವ ಪಿಗೆಟ್‌ಟೆಕ್ಸ್ಟ್‌ನಲ್ಲಿ ಸಂದರ್ಭವನ್ನೂ ಕೊಡಬಹುದು. ಕೋಡಿನಿಂದ ಸಂದೇಶಗಳನ್ನು ಹೆಕ್ಕುವ ಎಕ್ಸ್‌ಗೆಟ್‌ಟೆಕ್ಸ್ಟ್ ಓಡಿಸುವಾಗ ಕೀವರ್ಡ್ ಜಾಗದಲ್ಲಿ ಪಿಗೆಟ್‌ಟೆಕ್ಸ್ಟ್:1ಸಿ,2 ಎಂದು ಹಾಕಿಬಿಡಿ. ಮತ್ತೆ, ಹೊಸ ಎಂಓ ಇಟ್ಟ ಮೇಲೆ ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಒಮ್ಮೆ ಓದಿದ್ದನ್ನು ಪೈಥಾನ್ ನೆನಪಿನಲ್ಲೇ ಇಟ್ಟುಕೊಂಡಿರುತ್ತದೆ.