ಉರಿಯುವ ಪಾದಕ್ಕೆ ಬದಲಿ ಚಿಕಿತ್ಸೆ: ಮೊದಲು ಸ್ಪರ್ಶ ನೋಡಿ, ಆಮೇಲೆ ಎಣ್ಣೆ, ಯಂತ್ರ, ಮುಲಾಮು

ಪಾದ ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ, ರಾತ್ರಿ ಚಾದರ ತಾಗಿದರೂ ಚುರುಗುಟ್ಟುತ್ತದೆ. ಅದೇ ಪಾದಕ್ಕೆ ಚಪ್ಪಲಿಯೊಳಗೆ ಸೇರಿದ ಹರಳು ಮಾತ್ರ ಗೊತ್ತಾಗುವುದಿಲ್ಲ. ನರದ ನೋವಿನ ವಿಚಿತ್ರವೇ ಇದು: ಉರಿಯುವ ಜಾಗಕ್ಕೆ ನಿಜವಾದ ಬಿಸಿ ತಿಳಿಯದೆ ಹೋಗಬಹುದು. ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾಲುನೋವಿಗೆ ಮೊದಲು ನೆನಪಾಗುವುದು ಶಾಖ. ರೊಟ್ಟಿ ಹಂಚಿನ ಮೇಲೆ ಕಾಸಿದ ಉಪ್ಪಿನ ಗಂಟು, ಬಕೆಟ್ ಬಿಸಿನೀರು, ಬಾಡಿಸಿದ ಎಕ್ಕದ ಎಲೆ. ಮಂಡಿ ಹಿಡಿದುಕೊಂಡವರಿಗೆ ಇದು ಹಿತವಾದೀತು. ಜೋಮು ಹಿಡಿದ ಪಾದಕ್ಕೆ ಬೊಬ್ಬೆ, ಹುಣ್ಣು ತರುವುದೂ ಇದೇ. ಎಕ್ಕದ ಹಾಲಂತೂ ಬಿಸಿಯಿಲ್ಲದೆಯೂ ಚರ್ಮ ಸುಡುತ್ತದೆ.

ಆದ್ದರಿಂದ ಏನನ್ನೇ ಹಚ್ಚುವ ಮೊದಲು ಸ್ಪರ್ಶ ಪರೀಕ್ಷೆ ಮಾಡಿ. ಕಣ್ಣು ಮುಚ್ಚಿ ಮಲಗಿ. ಮನೆಯವರೊಬ್ಬರು ತೋರುಬೆರಳ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಲಿ. ಮುಟ್ಟಿದಾಗೆಲ್ಲ ನೀವು ಹೇಳಬೇಕು. ಒತ್ತಬಾರದು, ಗೊತ್ತಾಗಲಿಲ್ಲವೆಂದು ಮತ್ತೊಮ್ಮೆ ಮುಟ್ಟಲೂಬಾರದು. ಆರರಲ್ಲಿ ಎರಡು ಬೆರಳು ತಪ್ಪಿದರೂ ಆ ಪಾದಗಳಿಗೆ ಶಾಖ ಬೇಡ, ಸ್ನಾನದ ನೀರನ್ನೂ ಮೊಣಕೈಯಿಂದ ನೋಡಿಯೇ ಹಾಕಿಕೊಳ್ಳಿ.

ಕಾರಣ ಹುಡುಕದೆ ಚಿಕಿತ್ಸೆ ಹುಡುಕುವುದು ಇನ್ನೊಂದು ತಪ್ಪು. ಶುಗರ್, ಥೈರಾಯ್ಡ್, ಬಿ12 ಈ ಮೂರು ರಕ್ತಪರೀಕ್ಷೆಗಳನ್ನು ಮೊದಲು ಮಾಡಿಸಿ. ಮಾಂಸ, ಮೊಟ್ಟೆ ಮುಟ್ಟದವರಲ್ಲಿ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕೊರತೆ ಸಾಮಾನ್ಯ. ಅದಿದ್ದರೆ ಬೇರೆ ಯಾವ ಎಣ್ಣೆಯೂ ಅದನ್ನು ತುಂಬಿಕೊಡದು. ವಿಟಮಿನ್ ಮಾತ್ರೆ ಶುರುಮಾಡಿ ಆಮೇಲೆ ಪರೀಕ್ಷೆಗೆ ಹೋದರೆ ಅಂಕಿ ಸರಿಯಾಗಿ ಬಂದು ಕೊರತೆ ಮುಚ್ಚಿಹೋಗುತ್ತದೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆಯಿದ್ದರೆ ಕುಷ್ಠರೋಗದ ತಪಾಸಣೆ ಆಗಬೇಕು, ಅದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿತ್ತು. ಅದೂ ನರ ಕೆಡಿಸುವ ವಿಷ. ಆ ಸುತ್ತಿನವರು ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ವೈದ್ಯರಿಗೆ ಹೇಳಿ.

ಇನ್ನು ಲೆಕ್ಕ. ಏನನ್ನೂ ಬದಲಿಸದೆ ಏಳು ದಿನ, ಮಲಗುವ ಮುನ್ನ ನೋವಿಗೆ 0ಯಿಂದ 10ರೊಳಗೆ ಅಂಕ ಹಾಕಿ, ಎಷ್ಟು ಸಲ ಎಚ್ಚರವಾಯಿತೆಂದು ಕ್ಯಾಲೆಂಡರ್ ಮೇಲೆಯೇ ಬರೆಯಿರಿ. ಆಮೇಲೆ ಒಂದೇ ಒಂದು ಚಿಕಿತ್ಸೆ ಸೇರಿಸಿ. ಎರಡು ಅಂಕ ಇಳಿದರೆ ಅದು ನಿಜವಾದ ಫಲ. ಎಣ್ಣೆ, ಯಂತ್ರ, ಪುಡಿ ಮೂರನ್ನೂ ಒಟ್ಟಿಗೆ ಶುರುಮಾಡಿದವರಿಗೆ ಯಾವುದಕ್ಕೆ ದುಡ್ಡು ಹಾಕಬೇಕೆಂದು ಕೊನೆಗೂ ತಿಳಿಯುವುದಿಲ್ಲ.

ಅಗ್ಗದ್ದು, ಮನೆಯಲ್ಲೇ ಆಗುವುದು ಎಣ್ಣೆ ನೀವುವುದು. ಕುಸುಬೆ ಎಣ್ಣೆಯಾದರೂ ಸರಿ, ಎಳ್ಳೆಣ್ಣೆಯಾದರೂ ಸರಿ, ಒಂದು ಪಾದಕ್ಕೆ ಎರಡು ಚಮಚ ಸಾಕು. ಉಗುರುಬೆಚ್ಚಗೆ ಮಾಡಿದ್ದರೆ ಬಿಸಿಯನ್ನು ಮಣಿಕಟ್ಟಿನ ಒಳಬದಿಯಲ್ಲಿ ನೋಡಿ, ಪಾದದ ಮೇಲಲ್ಲ. ಅಂಗಾಲಿನಿಂದ ಮೊಣಕಾಲಿನತ್ತ ಹಗುರವಾಗಿ ಹತ್ತು ನಿಮಿಷ. ನರ ಸತ್ತಿದೆಯೆಂದು ಬಲವಾಗಿ ತಿಕ್ಕಿದರೆ ನೋವು ಹೆಚ್ಚಾಗುತ್ತದೆ. ಬೆರಳ ಸಂದಿಯ ಎಣ್ಣೆ ಒರೆಸದಿದ್ದರೆ ಅಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಎಣ್ಣೆಗಾಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಎದ್ದು ನಡೆದರೆ ಜಾರುವುದು ಖಂಡಿತ. ನೀವುವಾಗಲೇ ಅಂಗಾಲಿಗೆ ಕನ್ನಡಿ ಹಿಡಿದು ಗಾಯ, ಬಿರುಕು ನೋಡಿಬಿಡಿ. ನಮ್ಮ ಮಟ್ಟಿಗೆ ಎಣ್ಣೆಗಿಂತ ದೊಡ್ಡ ಲಾಭ ಈ ನೋಟದ್ದೇ.

ಟೆನ್ಸ್ ಯಂತ್ರ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುತ್ತದೆ. ಪೇಸ್‌ಮೇಕರ್ ಇದ್ದವರು, ಫಿಟ್ಸ್ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕುತ್ತಿಗೆಯ ಮುಂಭಾಗಕ್ಕೆ ಯಾರೂ ಇಡಬಾರದು. ಪ್ಯಾಡನ್ನು ಜೋಮು ಹಿಡಿದ ಜಾಗದ ಮೇಲಲ್ಲ, ಅದಕ್ಕಿಂತ ಮೇಲೆ, ಸ್ಪರ್ಶ ಚೆನ್ನಾಗಿರುವ ಕಡೆ ಅಂಟಿಸಿ. ಎರಡು ಪ್ಯಾಡುಗಳ ನಡುವೆ ಎರಡು ಬೆರಳಿನಷ್ಟಾದರೂ ಅಂತರವಿರಲಿ. ಯಂತ್ರದಲ್ಲಿ ಮಿಡಿತದ ವೇಗ 80ರಿಂದ 100 ಹರ್ಟ್ಸ್, ಒಂದೊಂದು ಮಿಡಿತದ ಅವಧಿ 150ರಿಂದ 200 ಮೈಕ್ರೋಸೆಕೆಂಡ್ ಇಟ್ಟು 30 ನಿಮಿಷ ನಡೆಸಿ. ಜುಮ್ಮೆನ್ನಬೇಕು, ಸ್ನಾಯು ಎಳೆಯಬಾರದು. ಹತ್ತು ನಿಮಿಷಕ್ಕೆ ಜುಮ್ಮು ಮಂದವಾದರೆ ಒಂದು ಹಂತ ಏರಿಸಿ. ಎಣ್ಣೆ ಹಚ್ಚಿದ ಚರ್ಮಕ್ಕೆ ಪ್ಯಾಡ್ ಹಿಡಿಯುವುದಿಲ್ಲ, ಸೋಪಿನಿಂದ ತೊಳೆದು ಒಣಗಿಸಬೇಕು. ನಮ್ಮ ಏಪ್ರಿಲ್, ಮೇ ಬೆವರಿಗೆ ಪ್ಯಾಡಿನ ಅಂಚು ಎದ್ದರೆ ಕರೆಂಟೆಲ್ಲ ಉಳಿದಷ್ಟೇ ಜಾಗದಲ್ಲಿ ಹರಿದು ಕುಟುಕುತ್ತದೆ. ಯಂತ್ರ ಆರಿಸಿ, ಬೆವರು ಒರೆಸಿ, ಮತ್ತೆ ಅಂಟಿಸಿ. ಇದರ ಉಪಶಮನ ಬಹುಪಾಲು ಯಂತ್ರ ನಡೆಯುತ್ತಿರುವಾಗಿನದು, ಅದಕ್ಕೇ ನೋವು ಏರುವ ಹೊತ್ತಿಗೆ ಹಾಕಿಕೊಳ್ಳುವುದು ಜಾಣತನ.

ಮೆಣಸಿನಕಾಯಿಯ ಖಾರದ ಸತ್ವ ಕ್ಯಾಪ್ಸೈಸಿನ್. ಅದರ ಮುಲಾಮು 0.025 ಮತ್ತು 0.075 ಶೇಕಡಾ ಬಲದಲ್ಲಿ ಔಷಧದಂಗಡಿಯಲ್ಲಿ ಸಿಗುತ್ತದೆ. ಕಡಲೆಕಾಳಿನಷ್ಟು, ದಿನಕ್ಕೆ ಮೂರು ನಾಲ್ಕು ಸಲ, ಬಿರುಕಿಲ್ಲದ ಚರ್ಮಕ್ಕೆ ಮಾತ್ರ. ಮೊದಲ ವಾರ ಉರಿ ಹೆಚ್ಚೇ ಇರುತ್ತದೆ, ಬಹಳ ಮಂದಿ ಬಿಡುವುದೂ ಆಗಲೇ. ದಿನವೂ ಹಚ್ಚಿದರೆ ನೋವಿನ ತಂತು ದಣಿದು ಉರಿ ಇಳಿಯುತ್ತದೆ. ನೆನಪಾದಾಗ ಹಚ್ಚಿದರೆ ಪ್ರತಿಸಲವೂ ಹೊಸ ಉರಿಯೇ. ಫಲ ನೋಡಲು ನಾಲ್ಕರಿಂದ ಆರು ವಾರ ಬೇಕು. ಬಿಸಿನೀರಿನ ಸ್ನಾನದ ಬೆನ್ನಿಗೇ ಹಚ್ಚಬೇಡಿ. ಕೈಗಂಟಿದ್ದು ಬರೀ ನೀರಿಗೆ ಹೋಗದು, ಅಡುಗೆ ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿ. ಕೆಂಪು ಖಾರ ಅರೆದು ಮನೆಯಲ್ಲೇ ಮಾಡುವ ಸಾಹಸ ಬೇಡ. ಅದರ ಬಲ ಎಷ್ಟೆಂದು ಅಳೆಯಲಾಗದು, ಬೊಬ್ಬೆ ಏಳುತ್ತದೆ.

ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ಹಿತವಾಗುತ್ತದೆ. ಆರೆಂಟು ಸಲದಲ್ಲಿ ಅಂಕ ಇಳಿಯದಿದ್ದರೆ ನಿಲ್ಲಿಸಿ. ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು. ಚರ್ಮ ಗೀರಿ ಬಟ್ಟಲಿನಿಂದ ರಕ್ತ ಎಳೆಯುವ ಹಿಜಾಮಾ ಮಾಡಿಸುವವರು ಬ್ಲೇಡಿನ ವಿಷಯದಲ್ಲೂ ಹೀಗೆಯೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಅದು ಬೇಡ, ಶುಗರ್ ಇದ್ದವರ ಪಾದಕ್ಕಂತೂ ಬೇಡವೇ ಬೇಡ. ಬರೆ ಹಾಕಿಸುವುದನ್ನು ಚಿಕಿತ್ಸೆಯೆಂದು ಕರೆಯುವುದೇ ತಪ್ಪು.

ಚೀಟಿಯಿಲ್ಲದ ಪೊಟ್ಟಣದ ಪುಡಿ ಎರಡೇ ದಿನಕ್ಕೆ ಪವಾಡದಂತೆ ನೋವು ಇಳಿಸಿ, ಜೊತೆಗೆ ಮುಖ ಊದಿಸಿ, ಶುಗರ್ ಏರಿಸಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಸೀಸ, ಪಾದರಸವಿರುವ ಭಸ್ಮಗಳು ನರವನ್ನೇ ಕೆಡಿಸಬಲ್ಲವು. ನರದ ಮಾತ್ರೆಗಳಲ್ಲಿ ಬಿ6 ಎಷ್ಟು ಮಿಲಿಗ್ರಾಂ ಎಂದು ಓದಿ ನೋಡಿ, ಹೆಚ್ಚು ಪ್ರಮಾಣ ಬಹುಕಾಲ ನುಂಗಿದರೆ ಅದರಿಂದಲೇ ಜೋಮು ಬರುತ್ತದೆ. ಆಲ್ಫಾ ಲಿಪೋಯಿಕ್ ಆಮ್ಲವೆಂಬ ಪೂರಕ ಮಾತ್ರೆಯನ್ನು ಶುಗರ್‌ನಿಂದ ಬಂದ ನರದ ನೋವಿಗೆ ದಿನಕ್ಕೆ 600 ಮಿಲಿಗ್ರಾಂ ಕೊಡುವುದುಂಟು. ಅದು ಶುಗರ್ ಇಳಿಸಬಹುದಾದ್ದರಿಂದ ಇನ್ಸುಲಿನ್ ತಗೊಳ್ಳುವವರು ಕೇಳಿಯೇ ಶುರುಮಾಡಿ.

ಇವುಗಳ ನಡುವೆ, ನರದ ನೋವಿಗೆ ವೈದ್ಯರು ಬರೆದುಕೊಟ್ಟ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಮಾತ್ರೆಗಳನ್ನು ಥಟ್ಟನೆ ಬಿಡಬೇಡಿ, ವೈದ್ಯರು ಮೆಲ್ಲಗೆ ಇಳಿಸುತ್ತಾರೆ. ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಬಳಿಯುತ್ತ ಕೂರದೆ 72 ಗಂಟೆಯೊಳಗೆ ಆಸ್ಪತ್ರೆ ಸೇರಿ. ಪಾದ ಎತ್ತಲು ಬರದಿದ್ದರೆ, ಕೂರುವ ಭಾಗ ಜೋಮು ಹಿಡಿದು ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಿ.

ರಾತ್ರಿ ಚಾದರ ಸೋಕದಂತೆ ಪಾದದ ಬಳಿ ರಟ್ಟಿನ ಡಬ್ಬಿಯೊಂದನ್ನು ಬೋರಲು ಇಟ್ಟು ಅದರ ಮೇಲೆ ಹೊದಿಸಿಕೊಳ್ಳಿ. ಗುಡಿಗೋ ದರ್ಗಾಕ್ಕೋ ಬೇಸಿಗೆಯಲ್ಲಿ ಹೋಗುವುದಾದರೆ ಬಿಸಿಲೇರುವ ಮುಂಚೆ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡೇ ಅಂಗಳ ದಾಟಿ. ಮಧ್ಯಾಹ್ನದ ಹಾಸುಗಲ್ಲು ಕಾಸಿದ ಹಂಚಿಗಿಂತ ಕಡಿಮೆಯೇನಲ್ಲ.