ಗೋಲ್ಡ್‌ವ್ಯಾಕ್ಸ್ 106: ಒಂದು ಹಳೇ ಪ್ಲೇಟನ್ನು ಕಂಪ್ಯೂಟರಿಗೆ ಇಳಿಸಿದ ಕಥೆ

ಅಮೆರಿಕದ ಮೆಂಫಿಸ್‌ಗೆ ನಾನು ಬಂದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಹಳೇ ರೆಕಾರ್ಡುಗಳ ಹುಚ್ಚು ಹತ್ತಿದ್ದು ಇಲ್ಲಿಗೆ ಬಂದ ಮೇಲೆ. ಏಳಿಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಪ್ಲೇಟುಗಳೇ ಮನೆ ತುಂಬ. ಬಿಡುವಾದಾಗ ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತೇನೆ. ಅವುಗಳಲ್ಲಿ ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡದ್ದು ಗೋಲ್ಡ್‌ವ್ಯಾಕ್ಸ್ ಕಂಪನಿಯ 106ನೇ ಪ್ಲೇಟು: 1964ರಲ್ಲಿ ಓ. ವಿ. ರೈಟ್ ಹಾಡಿದ ‘ದಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್’.

ಮೊದಲ ಸಲ ಮುಳ್ಳು ಇಟ್ಟಾಗ ಕೇಳಿದ್ದು ಹಾಡಲ್ಲ, ಒಗ್ಗರಣೆ. ಚಟಪಟ ಸಾಸಿವೆ ಸಿಡಿದ ಹಾಗೆ. ದುಡ್ಡು ದಂಡವಾಯಿತು ಅಂದುಕೊಂಡೆ. ಆದರೆ ತಪ್ಪು ನನ್ನದೇ ಆಗಿತ್ತು. ಅದು ಮೋನೋ, ಅಂದರೆ ಒಂದೇ ಚಾನೆಲ್ಲಿನ ರೆಕಾರ್ಡು; ನಾನು ಎರಡು ಚಾನೆಲ್ಲಿನ ಸ್ಟೀರಿಯೋ ಆಗಿ ಇಳಿಸಿದ್ದೆ. ಮೋನೋ ಪ್ಲೇಟಿನಲ್ಲಿ ಹಾಡು ಇರುವುದು ಗೀರಿನ ಎಡ-ಬಲ ಓಲಾಟದಲ್ಲಿ ಮಾತ್ರ. ಮುಳ್ಳು ಮೇಲೆ-ಕೆಳಗೆ ಕುಣಿದರೆ ಅದು ಬರೀ ಧೂಳು, ಸವೆತ. ಎರಡೂ ಚಾನೆಲ್ ಕೂಡಿಸಿ ಒಂದು ಮಾಡಿದರೆ ಆ ಕುಣಿತ ಒಂದನ್ನೊಂದು ಹೊಡೆದುಹಾಕುತ್ತದೆ. ಹಾಗೆ ಮಾಡಿದ್ದೇ ತಡ, ಸಿಡಿತ ಅರ್ಧಕ್ಕರ್ಧ ಇಳಿಯಿತು.

ತೊಳೆಯುವಾಗ ಆಲ್ಕೋಹಾಲ್ ಮುಟ್ಟಲಿಲ್ಲ. ಆ ಕಾಲದ ಎಷ್ಟೋ ಅಮೆರಿಕನ್ ಪ್ಲೇಟುಗಳು ವಿನೈಲ್ ಅಲ್ಲ, ಪಾಲಿಸ್ಟೈರೀನ್. ಅದಕ್ಕೆ ಆಲ್ಕೋಹಾಲ್ ಆಗಿಬರುವುದಿಲ್ಲ. ಡಿಸ್ಟಿಲ್ಡ್ ನೀರು, ಪಾತ್ರೆ ಸೋಪು ಒಂದೇ ತೊಟ್ಟು, ಗೀರಿನ ಗುಂಟ ಮೆತ್ತಗಿನ ಬ್ರಷ್. ರಾತ್ರಿಯಿಡೀ ತಟ್ಟೆ ಸ್ಟ್ಯಾಂಡಿನಲ್ಲಿ ಒಣಗಲು ಬಿಟ್ಟೆ.

ಇನ್ನೊಂದು ಕಾಟ ನಡುವಿನ ದೊಡ್ಡ ತೂತು. ನನ್ನ ಪ್ಲೇಟಿನ ತೂತು ಕೂದಲೆಳೆಯಷ್ಟು ಪಕ್ಕಕ್ಕಿತ್ತು. ಸುತ್ತಿಗೊಮ್ಮೆ ಮುಳ್ಳಿನ ತೋಳು ಒಳಗೂ ಹೊರಗೂ ತೂಗುತ್ತಿತ್ತು, ಜೊತೆಗೆ ಶ್ರುತಿಯೂ. ನಿಧಾನದ ಹಾಡಾದ್ದರಿಂದ ನಮ್ಮ ಕಿವಿಗೆ ಅದು ಚುಚ್ಚುತ್ತದೆ. ಆ ತೂತಿಗೆ ಕೂರಿಸುವ ಅಡಾಪ್ಟರಿನ ಒಂದು ಬದಿಗೆ ಟೇಪು ಸುತ್ತಿ, ತೋಳು ಅಲ್ಲಾಡದೆ ನಿಲ್ಲುವವರೆಗೆ ಸರಿಸುತ್ತಾ ಕೂತೆ. ಒಂದು ಸಂಜೆ ಅದಕ್ಕೇ ಹೋಯಿತು.

ಆಮೇಲೆ ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕಿ ಇನ್ನೊಂದು ತಪ್ಪು ಮಾಡಿದೆ. ರೈಟ್ ಚರ್ಚಿನ ಗಾಸ್ಪೆಲ್ ಹಾಡಿ ಬೆಳೆದವನು; ಸ್ವರ ಬಿಡುವ ಕಡೆ ಗಂಟಲು ಒರಟಾಗಿ ಒಡೆಯುತ್ತದೆ. ಆ ಒರಟನ್ನೂ ಯಂತ್ರ ಕಸ ಅಂತ ಗುಡಿಸಿಹಾಕಿತು. ಉಳಿದದ್ದು ಯಾವನೋ ನಯವಾದ ಗಾಯಕನ ದನಿ. ಅಳಿಸಿ, ಸಿಡಿತಗಳನ್ನು ಒಂದೊಂದೇ ಹುಡುಕಿ ಕೈಯಾರೆ ತೆಗೆದೆ. ಎರಡನೇ ರಾತ್ರಿ ಹೆಂಡತಿ ಅಡುಗೆಮನೆಯಿಂದ, “ಏನ್ರೀ, ಆ ಮನುಷ್ಯನನ್ನ ಒಂದು ಸಾಲು ಪೂರ್ತಿ ಹಾಡೋಕೆ ಬಿಡಲ್ವಾ?” ಅಂದಳು.

ಬಿಡದವರು ಬೇರೆಯವರೂ ಇದ್ದರು. ಗೋಲ್ಡ್‌ವ್ಯಾಕ್ಸ್ ಮೆಂಫಿಸ್‌ನ ಸಣ್ಣ ಕಂಪನಿ. ನಡೆಸಿದವರು ಇಬ್ಬರು: ಕಬ್ಬಿಣದ ಸಾಮಾನು ಮಾರಾಟದ ಕ್ವಿಂಟನ್ ಕ್ಲಾಂಚ್, ಫಾರ್ಮಸಿಸ್ಟ್ ‘ಡಾಕ್’ ರಸೆಲ್. ಒಂದು ಮಧ್ಯರಾತ್ರಿ ಕ್ಲಾಂಚ್ ಮನೆಯ ಬಾಗಿಲು ತಟ್ಟಿ ಮೂವರು ನಿಂತಿದ್ದರಂತೆ. ಕ್ಲಾಂಚ್ ಇದನ್ನು ಸಾಯುವ ತನಕ ಹೇಳುತ್ತಿದ್ದ. ರೂಸ್‌ವೆಲ್ಟ್ ಜೇಮಿಸನ್, ಜೊತೆಗೆ ಗಾಯಕರಾದ ಜೇಮ್ಸ್ ಕಾರ್ ಮತ್ತು ಓ. ವಿ. ರೈಟ್, ಕೈಯಲ್ಲೊಂದು ಟೇಪ್ ರೆಕಾರ್ಡರ್. ಎಲ್ಲರೂ ನೆಲದ ಮೇಲೆ ಕೂತು ಕೇಳಿದರು. ಜೇಮಿಸನ್‌ಗೆ ಬ್ಲಡ್ ಬ್ಯಾಂಕಿನಲ್ಲಿ ಕೆಲಸ. ನನ್ನ ಪ್ಲೇಟಿನ ಹಾಡು ಬರೆದವನು ಅವನೇ.

ಪ್ಲೇಟು ಹೊರಬಂತು. ಅದೇ ಹಾಡನ್ನು ಇದೇ ಊರಿನ ಸ್ಟ್ಯಾಕ್ಸ್ ಕಂಪನಿಯವರ ವೋಲ್ಟ್ ಲೇಬಲ್ಲಿಗೆ ಓಟಿಸ್ ರೆಡ್ಡಿಂಗ್ ಹಾಡಿಬಿಟ್ಟ. ಜನ ಅದನ್ನೇ ಹಿಡಿದರು. ನಾನು ಮಾತ್ರ ರೈಟ್ ಪಕ್ಷ. ರೆಡ್ಡಿಂಗ್ ಪ್ರೀತಿಯನ್ನು ಸಾರುತ್ತಾನೆ, ರೈಟ್ ಬೇಡಿಕೊಳ್ಳುತ್ತಾನೆ.

ಅದಕ್ಕಿಂತ ದೊಡ್ಡ ಪೆಟ್ಟು ಹ್ಯೂಸ್ಟನ್‌ನಿಂದ ಬಂತು. ರೈಟ್ ಮೊದಲು ಸನ್‌ಸೆಟ್ ಟ್ರಾವೆಲರ್ಸ್ ಎಂಬ ಗಾಸ್ಪೆಲ್ ತಂಡದಲ್ಲಿದ್ದ. ಆ ತಂಡ ಡಾನ್ ರೋಬಿಯ ಪೀಕಾಕ್ ಕಂಪನಿಗೆ ಹಾಡುತ್ತಿತ್ತು. ಆ ಕರಾರಿನ ಪ್ರಕಾರ ಹುಡುಗ ನಮ್ಮವನು ಎಂದು ರೋಬಿ ಪಟ್ಟು ಹಿಡಿದ. ದೇವರ ಹಾಡಿಗೆ ಬರೆದುಕೊಟ್ಟ ಕಾಗದ ಪ್ರೇಮಗೀತೆಯ ಬೆನ್ನು ಹತ್ತಿತು ನೋಡಿ! ಗೋಲ್ಡ್‌ವ್ಯಾಕ್ಸ್ ಬಿಟ್ಟುಕೊಟ್ಟಿತು, ಜೇಮ್ಸ್ ಕಾರ್ ಅಲ್ಲೇ ಉಳಿದ. ರೈಟ್ ರೋಬಿಯ ಬ್ಯಾಕ್ ಬೀಟ್ ಲೇಬಲ್ಲಿಗೆ ಹೋದ, 1965ರಲ್ಲೇ ಹೆಸರು ಮಾಡಿದ. ವಿಚಿತ್ರವೆಂದರೆ ಮುಂದೆ ನಿರ್ಮಾಪಕ ವಿಲ್ಲಿ ಮಿಚೆಲ್ ಕೈಕೆಳಗೆ ಅವನು ಹಾಡಿದ್ದು ಮತ್ತೆ ಮೆಂಫಿಸ್‌ನಲ್ಲೇ, ರಾಯಲ್ ಸ್ಟುಡಿಯೋದಲ್ಲಿ. ಹಳೇ ಸಿನಿಮಾ ಮಂದಿರ ಅದು, ನೆಲ ಈಗಲೂ ಇಳಿಜಾರು. 1980ರಲ್ಲಿ ತೀರಿಕೊಂಡಾಗ ಅವನಿಗೆ 41.

ಈಗ ಹಾರ್ಡ್ ಡಿಸ್ಕಿನಲ್ಲಿ ಕಂಪನಿಗೊಂದು ಫೋಲ್ಡರ್ ಮಾಡಿ, ಒಳಗೆ ಗಾಯಕರ ಹೆಸರು ಹಾಕಿಟ್ಟಿದ್ದೇನೆ. ಬ್ಯಾಕ್ ಬೀಟ್ ಕಡೆ ರೈಟ್ ಹೆಸರಿನಲ್ಲಿ ಸಾಲುಗಟ್ಟಲೆ ಫೈಲು. ಗೋಲ್ಡ್‌ವ್ಯಾಕ್ಸ್‌ನಲ್ಲಿ ಎರಡು: ಈ ಮಗ್ಗುಲು, ಆ ಮಗ್ಗುಲು. ಆ ಮಗ್ಗುಲಿನ ಸಿಡಿತ ತೆಗೆಯುವುದು ಇನ್ನೂ ಬಾಕಿ ಇದೆ.