ಹಳೆ ಬೈಕಿನ ಟ್ಯಾಂಕ್ ಲೀಕ್: ತೂತು ಹೊರಗೆ, ತುಕ್ಕು ಒಳಗೆ

ಬೈಕ್ ಹತ್ತಿರ ಹೋದರೆ ಸಾಕು, ಪೆಟ್ರೋಲ್ ವಾಸನೆ. ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಮೊದಲು ಕಾರ್ಬುರೇಟರ್ ಮೇಲೆ ಅನುಮಾನ ಬಂತು, ಪೈಪ್ ಬದಲಿಸಿದೆ, ಕ್ಲಿಪ್ ಬಿಗಿ ಮಾಡಿದೆ. ಎರಡು ವಾರ ಹಾಗೇ ಹೋಯಿತು. ಕೊನೆಗೆ ಟ್ಯಾಂಕಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದಾಗ ಒಂದು ಕಡೆ ಪೇಂಟ್ ಗುಳ್ಳೆ ಎದ್ದಿತ್ತು. ಉಗುರಿನಿಂದ ಒತ್ತಿದೆ, ಒಡೆಯಿತು, ಬೆರಳು ತಣ್ಣಗಾಯಿತು. ಸಣ್ಣ ತೂತಿನಿಂದ ಬರುವ ಪೆಟ್ರೋಲ್ ಹನಿಯಾಗಿ ಬೀಳುವ ಮೊದಲೇ ಆರಿಹೋಗುತ್ತದೆ, ಅದಕ್ಕೇ ನೆಲ ಒಣಗಿತ್ತು.

ಇನ್ನೂ ಎಲ್ಲೆಲ್ಲಿ ಸೋರುತ್ತಿದೆ ಅಂತ ನೋಡಲು ಸೀಮೆಸುಣ್ಣ ಸಾಕು. ಅಡಿಭಾಗ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ, ಅರ್ಧ ಗಂಟೆ ಬಿಟ್ಟು ನೋಡಿದೆ. ಬಿಳಿಯ ಮೇಲೆ ಎರಡು ಕಪ್ಪು ಚುಕ್ಕೆ. ಎರಡೂ ಹಿಂದಿನ ಮೂಲೆಯಲ್ಲಿ, ಪೆಟ್ರೋಲ್ ಕಾಕಿಗಿಂತ (ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ) ತಗ್ಗಿನ ಜಾಗದಲ್ಲಿ. ಅಲ್ಲೇ ಯಾಕೆ ಅಂದರೆ, ನೀರು ಪೆಟ್ರೋಲಿಗಿಂತ ಭಾರ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ಬೆವರಿನಂತೆ ಕಟ್ಟಿ ಕೆಳಗಿಳಿಯುತ್ತದೆ, ಕಾಕಿನಿಂದ ಹೊರಗೆ ಹೋಗದೆ ಆ ಮೂಲೆಯಲ್ಲೇ ನಿಲ್ಲುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ, ಆದರೆ ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಎರಡೂ ಬೇರೆಯಾಗಿ ತಳ ಸೇರುತ್ತವೆ. ನಾನು ಬೈಕನ್ನು ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ದೆ. ತುಕ್ಕು ಒಳಗಿಂದ ತಿನ್ನುತ್ತಾ ಬಂದು ಹೊರಗೆ ಕಾಣಿಸಿದ್ದು ಈಗ, ಅಷ್ಟೇ.

ಆ ಹೊತ್ತಿಗೆ ಬಟ್ಟೆ ಸೋಪನ್ನು ತೂತಿನ ಮೇಲೆ ಒತ್ತಿ ತಿಕ್ಕಿದೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಒಂದೆರಡು ದಿನ ತಡೆಯುತ್ತದೆ. ಅದು ಮನೆ ಸೇರಲು ಸರಿ, ರಿಪೇರಿ ಅಲ್ಲ.

"ಒಂದು ಚುಕ್ಕಿ ವೆಲ್ಡಿಂಗ್ ಹಾಕಿಸಿಬಿಡು" ಅಂದವರು ಇದ್ದರು. ದಯವಿಟ್ಟು ಸುಮ್ನೆ ಹಾಗೆ ಮಾಡಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ನೀರು ಹಾಕಿ ತೊಳೆದರೂ ತುಕ್ಕಿನ ಪದರದ ಕೆಳಗೆ, ಜೋಡಣೆಯ ಮಡಿಕೆಯಲ್ಲಿ ಪೆಟ್ರೋಲ್ ಉಳಿದಿರುತ್ತದೆ, ಬಿಸಿ ತಾಗಿದಾಗ ಅದು ಮತ್ತೆ ಆವಿಯಾಗುತ್ತದೆ. ಗೊತ್ತಿರುವವರು ಒಳಗಿನ ಆವಿಯನ್ನೆಲ್ಲ ಹೊರಗೆ ಹಾಕಿಯೇ ಬೆಂಕಿ ಹಿಡಿಯುತ್ತಾರೆ, ಅದು ಅವರ ಕೆಲಸ. ಅದೂ ಅಲ್ಲದೆ ನನ್ನ ಟ್ಯಾಂಕಿನ ತಗಡು ತೂತಿನ ಸುತ್ತ ಕಾಗದದಷ್ಟು ತೆಳ್ಳಗಾಗಿತ್ತು, ವೆಲ್ಡಿಂಗ್ ಹಾಕಿದ್ದರೆ ತೂತು ಇನ್ನೂ ದೊಡ್ಡದಾಗುತ್ತಿತ್ತು.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಬಯಲಲ್ಲಿ ಪೆಟ್ರೋಲ್ ಇಳಿಸಿ, ಟ್ಯಾಂಕ್ ತೆಗೆದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತದೆ, ಹಾಗಾಗಿ ಈ ಕೆಲಸ ಮನೆಯೊಳಗೆ ಬೇಡವೇ ಬೇಡ. ಸೋಪಿನ ಬಿಸಿ ನೀರಿನಲ್ಲಿ ನಾಲ್ಕು ಸಲ ತೊಳೆದು, ಮುಚ್ಚಳ ತೆಗೆದು ಎರಡು ದಿನ ನೆರಳಲ್ಲಿ ಇಟ್ಟೆ.

ಆಮೇಲೆ ಸಣ್ಣ ನಟ್ಟುಗಳು, ಎಣಿಸಿ 27, ಸ್ವಲ್ಪ ನೀರಿನ ಜೊತೆ ಒಳಗೆ ಹಾಕಿ ಅಲ್ಲಾಡಿಸಿದೆ. ಒಳಗಿನ ಹೆಕ್ಕಳ ಉದುರಿ ಕಂದು ರಾಡಿ ಬಂತು. ಎಣಿಸಲೇಬೇಕು, ಏಕೆಂದರೆ ವಾಪಸ್ ಬಂದದ್ದು 26. ಕೊನೆಯದು ಟ್ಯಾಂಕಿನ ನಡುವಿನ ಉಬ್ಬಿನ ಆಚೆ ಸಿಕ್ಕಿತ್ತು. ದಾರಕ್ಕೆ ಮ್ಯಾಗ್ನೆಟ್ ಕಟ್ಟಿ ಬಿಟ್ಟು ತೆಗೆಯಲು ಒಂದು ಗಂಟೆ ಹಿಡಿಯಿತು.

ನಂತರ ತೂತುಗಳಿಗೆ ಹೊರಗಿಂದ ಟೇಪ್ ಹಚ್ಚಿ, ಕಾಕಿನ ಜಾಗಕ್ಕೆ ರಬ್ಬರ್ ಬಿರಡೆ ಹಾಕಿ, ಟ್ಯಾಂಕನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟೆ. ಒಂದು ಲೀಟರ್ ಬಿಸಿ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಲೆಕ್ಕದಲ್ಲಿ ಬಾಯಿವರೆಗೆ ತುಂಬಿದೆ. ಮುಚ್ಚಳ ಬಿಗಿ ಮಾಡಬಾರದು, ಕಬ್ಬಿಣಕ್ಕೆ ಆಸಿಡ್ ತಾಗಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಮಾರನೇ ದಿನ ಚೆಲ್ಲಿ ನೋಡಿದರೆ ಒಳಗೆ ಬೂದು ಬಣ್ಣದ ಶುದ್ಧ ಕಬ್ಬಿಣ. ತೂತು ಮಾತ್ರ ಎರಡಿದ್ದದ್ದು ಐದಾಗಿತ್ತು. ನೋಡಿ ಎದೆ ಧಸಕ್ಕೆಂದಿತು, ಆದರೆ ಆ ಮೂರು ಮೊದಲೇ ಇದ್ದವು, ತುಕ್ಕು ಮುಚ್ಚಿಟ್ಟಿತ್ತು. ಹೊರಗೆ ಮಾತ್ರ ತೇಪೆ ಹಾಕಿದ್ದರೆ ಒಂದೊಂದಾಗಿ ಬಾಯಿ ಬಿಡುತ್ತಿದ್ದವು.

ಇಲ್ಲಿ ಒಂದು ತಪ್ಪು ಮಾಡಿದೆ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಊಟ ಮಾಡಿ ಬರೋಣ ಅಂತ ಹೋದೆ. ಬರುವಷ್ಟರಲ್ಲಿ ಒಳಗೆಲ್ಲ ಕಿತ್ತಳೆ ಬಣ್ಣದ ಹೊಸ ತುಕ್ಕು. ಮತ್ತೆ ಅರ್ಧ ದಿನ ಆಸಿಡ್. ಎರಡನೇ ಸಲ ಸೋಡಾ ಆದ ಕೂಡಲೇ ಕುದಿಯುವ ನೀರು ಸುರಿದು ಚೆಲ್ಲಿದೆ, ಕಬ್ಬಿಣ ಕಾದು ತಾನೇ ಬೇಗ ಒಣಗಿತು. ಉಳಿದ ತೇವಕ್ಕೆ ಹೇರ್ ಡ್ರೈಯರ್ ಹಿಡಿದೆ. ಅಷ್ಟು ಹೊತ್ತಿಗೆ ಒಳಗೆ ಪೆಟ್ರೋಲ್ ವಾಸನೆ ಒಂದಿಷ್ಟೂ ಇರಲಿಲ್ಲ, ಇದ್ದಿದ್ದರೆ ಹಿಡಿಯುತ್ತಿರಲಿಲ್ಲ.

ಹೊರಗೆ ತೂತಿನ ಸುತ್ತ ಪೇಂಟ್ ಕೆರೆದು ತಗಡು ಹೊಳೆಯುವವರೆಗೆ ಎಮರಿ ಪೇಪರ್ ಉಜ್ಜಿದೆ. ಸಣ್ಣ ನಾಲ್ಕಕ್ಕೆ ಎಪಾಕ್ಸಿ ಪುಟ್ಟಿ. ದೊಡ್ಡದಕ್ಕೆ ಪುಟ್ಟಿಯ ಮೇಲೆ ತೆಳು ತಗಡಿನ ತುಂಡು ಒತ್ತಿ, ಅಂಚಿಗೆ ಮತ್ತೆ ಪುಟ್ಟಿ. ಒಂದು ದಿನ ಬಿಟ್ಟು ಒಳಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಟ್ಯಾಂಕ್ ಸೀಲರ್ ಸುರಿದೆ. ಹತ್ತು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿ ಎಲ್ಲ ಕಡೆ ಹರಿಸಿದೆ. ಮಿಕ್ಕಿದ್ದನ್ನು ಪೂರ್ತಿ ಬಸಿಯಬೇಕು. ಮಡುಗಟ್ಟಿ ನಿಂತರೆ ಅದು ಸರಿಯಾಗಿ ಗಟ್ಟಿಯಾಗದೆ ಮುಂದೆ ಸಿಪ್ಪೆ ಎದ್ದು ಫಿಲ್ಟರ್ ಕಟ್ಟುತ್ತದೆ. ಐದು ದಿನ ಮುಟ್ಟಲಿಲ್ಲ.

ಬೈಕಿಗೆ ಹಾಕುವ ಮೊದಲು ಎರಡು ಲೀಟರ್ ಪೆಟ್ರೋಲ್ ಹಾಕಿ, ಸೀಮೆಸುಣ್ಣ ಸವರಿ, ಬಯಲಲ್ಲೇ ಒಂದು ರಾತ್ರಿ ಬಿಟ್ಟೆ. ನೀರು ಹಾಕಿ ಪರೀಕ್ಷೆ ಮಾಡಿದರೆ ನಂಬಬೇಡಿ, ನೀರು ನಿಲ್ಲುವ ಕಡೆ ಪೆಟ್ರೋಲ್ ನುಸುಳುತ್ತದೆ. ಕಾಕಿಗೆ ಹೊಸ ವಾಷರ್, ಪೈಪಿಗೆ ಹೊಸ ಫಿಲ್ಟರ್ ಹಾಕಿದೆ. ಬೆರಳಲ್ಲಿ ಒತ್ತಿದರೆ ಅಡಿಯೆಲ್ಲ ಒಳಗೆ ಹೋಗುವಷ್ಟು ತಗಡು ಸವೆದಿದ್ದರೆ ಇಷ್ಟೆಲ್ಲ ಕಷ್ಟಪಡಬೇಡಿ, ಬೇರೆ ಟ್ಯಾಂಕ್ ನೋಡಿ.

ಈಗ ಬೈಕ್ ಜಾಸ್ತಿ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ. ತಿಂಗಳಿಗೊಮ್ಮೆ ಆ ಮೂಲೆಗೆ ಸೀಮೆಸುಣ್ಣ ಸವರಿ ನೋಡುತ್ತೇನೆ. ಒಂದೂವರೆ ವರ್ಷವಾಯಿತು, ಹೋದ ವಾರ ನೋಡಿದಾಗಲೂ ಬೆಳ್ಳಗೇ ಇತ್ತು.